ಕರೆಂಟ್ ಬಂದ ಮಧ್ಯಾಹ್ನ

ಆಶಾರಾಣಿ ತುಮಕೂರಿನ ಬಟವಾಡಿಯ ಖಾಸಗಿ ಶಾಲೆಯೊಂದರಲ್ಲಿ ಹದಿನಾರು ವರ್ಷದಿಂದ ಸಮಾಜ ಪಾಠ ಮಾಡುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ಮಾತು ಕಮ್ಮಿ, ಕ್ಲಾಸಿಗೆ ಹೋದರೆ ಮಾತ್ರ ಹಿಂದಿನ ಬೆಂಚಿಗೂ ಕೇಳಿಸುವಂಥ ಗಂಟಲು. ಸಂಜೆ ಲಾಂಗ್ ಬೆಲ್ ಹೊಡೆದರೆ ಉಳಿದ ಟೀಚರುಗಳು ಗೇಟಿನ ಹತ್ತಿರ ನಿಂತು ಅದೂ ಇದೂ ಮಾತಾಡುತ್ತಿದ್ದರು. ಇವಳು ಬ್ಯಾಗು ಹೆಗಲಿಗೆ ಹಾಕಿಕೊಂಡು, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಅನ್ನುವ ಹಾಗೆ ಮನೆಗೆ ಹೋಗುತ್ತಿದ್ದಳು. ಮನೆಯಲ್ಲಿ ತಮ್ಮ ಅಂಜನ್‌ಕುಮಾರ್ ಒಬ್ಬನೇ ಇರುತ್ತಿದ್ದ.

ಇಬ್ಬರೂ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಕಡಬದಲ್ಲಿ. ಅಪ್ಪ ಭೀಮರಾಜ್ ಪಂಚಾಯಿತಿಯ ವಾಟರ್‌ಮ್ಯಾನ್. ಬೀದಿಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವ ಕೆಲಸ. ಅಂಜನ್ ಅಕ್ಕನಿಗಿಂತ ಏಳು ವರ್ಷ ಚಿಕ್ಕವನು. ಹುಡುಗನಾಗಿದ್ದಾಗ ಕೆರೆ ಏರಿ ಕೆಳಗಿನ ಕಾಲುವೆಯಲ್ಲಿ ಟವೆಲ್ ಹಿಡಿದು ಸಣ್ಣ ಮೀನು ಹಿಡಿದು, ಉಪ್ಪಿನಕಾಯಿ ಜಾಡಿಗೆ ಹಾಕಿ ಮನೆಗೆ ತರುತ್ತಿದ್ದ. ಅವ್ವ ನರಸಿಂಹಮ್ಮ ಸಾರಿಗೆ ಹಾಕುತ್ತೇನೆ ಅಂತ ಹೆದರಿಸಿದರೆ ಜಾಡಿಯನ್ನು ಹೊಟ್ಟೆಗೆ ಅವುಚಿಕೊಂಡು ಮಲಗುತ್ತಿದ್ದ. ಆಶಾ ಬಿ.ಎಡ್. ಮಾಡುತ್ತಿದ್ದ ವರ್ಷ ಅಪ್ಪ ತೀರಿಕೊಂಡ. ಕೆಲಸ ಸಿಕ್ಕ ಮೇಲೆ ಅವಳು ಅವ್ವನನ್ನೂ ತಮ್ಮನನ್ನೂ ಕರೆದುಕೊಂಡು ತುಮಕೂರಿಗೆ ಬಂದಳು. ಆಗ ಬಾಡಿಗೆ ಮನೆ ಕೇಳಿಕೊಂಡು ಹೋದ ಕಡೆಯೆಲ್ಲ ಮೊದಲು ಊರು ಕೇಳುತ್ತಿದ್ದರು, ಆಮೇಲೆ 'ನೀವು ಯಾವ ಪೈಕಿ' ಅಂತ ಕೇಳುತ್ತಿದ್ದರು, ಅದಾದ ಮೇಲೆ ಮನೆ ಆಗಲೇ ಬೇರೆಯವರಿಗೆ ಆಗಿಬಿಟ್ಟಿದೆ ಅನ್ನುತ್ತಿದ್ದರು. ಏನೂ ಕೇಳದೆ ಬೀಗದ ಕೈ ಕೊಟ್ಟವರು ಶಿವರಾಮಯ್ಯ ಒಬ್ಬರೇ. ಅವರು ಮತ್ತು ಅವರ ಹೆಂಡತಿ ಮಂಗಳಗೌರಿ ಕೆಳಗಿನ ಮನೆಯಲ್ಲಿ, ಇವರು ಮಹಡಿಯಲ್ಲಿ.

ಅಂಜನ್‌ಗೆ ಓದು ಹತ್ತಲಿಲ್ಲ, ಮೀನು ಹತ್ತಿತು. ಗುಬ್ಬಿಯಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದ್ದ ನಾಗೇಶ್ ಎಂಬವನ ಜೊತೆ ಸೇರಿ, ಅಂಗಡಿಗಳಿಗೆ, ಕ್ಲಿನಿಕ್ಕುಗಳಿಗೆ, ದೊಡ್ಡವರ ಮನೆಗಳಿಗೆ ಟ್ಯಾಂಕ್ ಕೂರಿಸಿ ತಿಂಗಳು ತಿಂಗಳು ಹೋಗಿ ತೊಳೆದು ಬರುವ ಕೆಲಸ ಹಿಡಿದ. ಕೆಲಸ ಚೆನ್ನಾಗಿಯೇ ನಡೆಯಿತು. ತನ್ನ ಮನೆಗೂ ನಾಲ್ಕಡಿ ಉದ್ದದ ಟ್ಯಾಂಕ್ ಮಾಡಿಕೊಂಡು ಬರೀ ಗೋಲ್ಡ್‌ಫಿಶ್ ಬಿಟ್ಟ. ಅವ್ವ ಸಾಯುವವರೆಗೂ ದಿನಾ ಅದರ ಮುಂದೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. 'ಈ ಕರೀದು ನನ್ನೇ ನೋಡ್ತದೆ ಕಣೇ ಆಶಾ' ಅನ್ನುತ್ತಿದ್ದಳು. ಉಬ್ಬುಗಣ್ಣಿನ ಕರಿ ಮೀನು ಅದು.

ಅವ್ವ ಸತ್ತ ಮರುವರ್ಷ, ಅಂದರೆ ಈಗ್ಗೆ ಐದು ವರ್ಷದ ಹಿಂದೆ, ಕುಣಿಗಲ್‌ನ ಒಬ್ಬರ ಮನೆಗೆ ಟ್ಯಾಂಕ್ ಕೂರಿಸಿ ಬೈಕಿನಲ್ಲಿ ವಾಪಸ್ಸು ಬರುತ್ತಿದ್ದ ಅಂಜನ್, ರಸ್ತೆ ಬದಿಗೆ ಲೈಟಿಲ್ಲದೆ ನಿಂತಿದ್ದ ಟ್ರ್ಯಾಕ್ಟರ್ ಟ್ರೈಲರಿಗೆ ಹಿಂದಿನಿಂದ ಗುದ್ದಿದ. ತಲೆಗೆ ಆಪರೇಷನ್ ಆಯಿತು. ಇಪ್ಪತ್ತೆಂಟು ದಿನ ಆದ ಮೇಲೆ ಕಣ್ಣು ಬಿಟ್ಟ. ಬಲಗೈ ಮಡಚಿಕೊಂಡಿತು, ಬಲಗಾಲು ಎಳೆಯತೊಡಗಿತು. ಮಾತು ಪೂರ್ತಿ ಹೋಯಿತು. ಎಷ್ಟು ಅರ್ಥವಾಗುತ್ತದೆ ಅಂತ ಹೇಳುವುದಕ್ಕೆ ಆಗುವುದಿಲ್ಲ, ಮಗು ಅಂದುಕೊಂಡು ನೋಡಿಕೊಳ್ಳಿ ಅಂದರು ಡಾಕ್ಟರು. ಆಶಾರಾಣಿ ಅವರು ಹೇಳಿದ ಹಾಗೇ ಮಗು ಅಂದುಕೊಂಡಳು. ಊಟ ಕಲಸಿ ತಿನ್ನಿಸಿದಳು, ಸ್ನಾನ ಮಾಡಿಸಿದಳು, ಅಂಗಿ ಗುಂಡಿ ಹಾಕಿದಳು. ಅವಳಿಗೂ ಚೇಳೂರಿನ ಕಡೆ ಒಂದು ಸಂಬಂಧ ಮಾತಾಗಿತ್ತು, ಆ ಕಡೆಯವರು ಎರಡು ಸಲ ಬಂದು ನೋಡಿ ಹೋಗಿ ಫೋನ್ ಮಾಡುವುದನ್ನು ನಿಲ್ಲಿಸಿದರು. ಅವಳೂ ಮಾಡಲಿಲ್ಲ.

ಟ್ಯಾಂಕನ್ನು ಮಾತ್ರ ಅಂಜನ್ ಬಿಡಲಿಲ್ಲ. ಎಡಗೈಯಲ್ಲೇ ಗಾಜು ಒರೆಸುತ್ತಿದ್ದ, ಎಡಗೈಯಲ್ಲೇ ಚಿಟಿಕೆ ಚಿಟಿಕೆ ಆಹಾರ ಹಾಕುತ್ತಿದ್ದ. ಕೆಳಗಿನ ಸ್ಟ್ಯಾಂಡಿನೊಳಗೆ ಬಕೆಟ್‌ನಷ್ಟು ದೊಡ್ಡದೊಂದು ಮುಚ್ಚಿದ ಫಿಲ್ಟರ್ ಡಬ್ಬ ಇತ್ತು. ಒಂದು ಪೈಪಿನಲ್ಲಿ ಟ್ಯಾಂಕಿನ ನೀರು ಎಳೆದುಕೊಂಡು, ಒಳಗಿನ ಸ್ಪಂಜಿನಲ್ಲಿ ಸೋಸಿ, ಇನ್ನೊಂದು ಪೈಪಿನಲ್ಲಿ ವಾಪಸ್ಸು ಕಳಿಸುವಂಥದ್ದು. ತಿಂಗಳಿಗೊಮ್ಮೆ ಅದನ್ನು ಅವನೇ ಬಿಚ್ಚಿ ಒಂದು ಗಂಟೆ ಕೂತು ತೊಳೆಯುತ್ತಿದ್ದ. ಆಶಾ ಅದನ್ನು ಅಭ್ಯಾಸಬಲ ಅಂದುಕೊಂಡಿದ್ದಳು. ಸ್ವಲ್ಪ ಹೊತ್ತಾದರೂ ಅವನು ಒಂದು ಕಡೆ ಕೂತಿರುತ್ತಾನಲ್ಲ ಅನ್ನುವುದು ಅವಳ ಸಮಾಧಾನ. ಒಂಬತ್ತು ಮೀನಿದ್ದವು.

ಈ ಮೇ ತಿಂಗಳ ಕೊನೆಯ ಶನಿವಾರ ಸಂಜೆ ಐದರ ಹೊತ್ತಿಗೆ ಗಾಳಿ ಎದ್ದಿತು. ಮಳೆ ಬಂದಿದ್ದು ಹತ್ತು ನಿಮಿಷ, ಗಾಳಿಯೇ ಹೆಚ್ಚು. ಮೂಲೆ ಮನೆಯ ತಗಡಿನ ಶೀಟು ಹಾರಿ ಹೋಗಿ ತಂತಿಯ ಮೇಲೆ ಬಿತ್ತು. ಮುಖ್ಯರಸ್ತೆಯ ಟ್ರಾನ್ಸ್‌ಫಾರ್ಮರು ಢಂ ಅಂದಿದ್ದು ಇಡೀ ಬೀದಿಗೆ ಕೇಳಿಸಿತು. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಟ್ಯಾಂಕಿನೊಳಗೆ ನೀರು ಸುರಿಯುವ ಸದ್ದೂ ನಿಂತಿತು. ಆ ಸದ್ದು ಮನೆಯಲ್ಲಿ ಸದಾ ಇರುತ್ತಿತ್ತು ಅನ್ನುವುದು ಆಶಾಗೆ ಗೊತ್ತಾಗಿದ್ದೇ ಆವಾಗ.

ಅಂಜನ್ ಮಂಚದಿಂದ ಎದ್ದು ಬಂದ. ಟ್ಯಾಂಕಿನ ಮುಂದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಗೋಡೆ ಹಿಡಿದುಕೊಂಡು ಬಗ್ಗಿ ಫಿಲ್ಟರಿನ ಪ್ಲಗ್ ಕಿತ್ತು ನೆಲಕ್ಕೆ ಬಿಟ್ಟ. ಕಾಲೆಳೆದುಕೊಂಡು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ದೊಡ್ಡ ಬಕೆಟ್ ತುಂಬಿಸಿ ಮೂಲೆಗೆ ಸರಿಸಿದ. ಆಶಾ ಅದರಿಂದ ಒಂದು ಚೊಂಬು ನೀರು ತೆಗೆಯಲು ಹೋದರೆ ಕೈ ಹಿಡಿದುಕೊಂಡ.

"ಕೈಕಾಲು ತೊಳ್ಕೊಳ್ಳೋದು ಬೇಡ್ವೇನೋ? ಇರ್ಲಿ ಬಿಡು, ಆಟ ಆಡ್ಕೊ" ಅಂದು ಅವಳು ಬೇರೆ ಬಕೆಟ್ ತೆಗೆದುಕೊಂಡಳು.

ಕರೆಂಟ್ ಆಫೀಸಿಗೆ ಫೋನ್ ಮಾಡಿದರೆ ಬರೀ ಎಂಗೇಜ್. ಕೆಳಗಿನಿಂದ ಶಿವರಾಮಯ್ಯ ಕೂಗಿ ಹೇಳಿದರು: "ಮೇಡಂ, ಟ್ರಾನ್ಸ್‌ಫಾರ್ಮರ್ ಸುಟ್ಟೋಗಿದೆಯಂತೆ. ಬೇರೆ ತಂದು ಹಾಕ್ಬೇಕಂತೆ. ಇವತ್ತಂತೂ ಆಸೆ ಬಿಡಿ." ಅವರ ಮನೆಗೆ ಇನ್ವರ್ಟರ್ ಇತ್ತು. ಮೀನಿಗೆ ಗಾಳಿ ಬೇಕು ಅಂತ ಆಶಾ ಸಂಕೋಚದಿಂದಲೇ ಕೇಳಿದಾಗ, ಅವರೇ ಮಹಡಿಗೆ ವೈರ್ ಎಳೆದು ಪುಟ್ಟ ಏರ್ ಪಂಪಿಗೆ ಕನೆಕ್ಷನ್ ಕೊಟ್ಟರು. ಅಂಜನ್ ಅದರ ಕೊಳವೆಯನ್ನು ನೀರಿಗೆ ಬಿಟ್ಟು, ಗುಳ್ಳೆ ಏಳುವುದನ್ನು ನೋಡುತ್ತಾ ಕೂತ. ಭಾನುವಾರ ಬೆಳಗ್ಗೆ ಆರಕ್ಕೆ ಇನ್ವರ್ಟರೂ ಕುಯ್ ಅಂತ ಕೂಗಿ ಆರಿಹೋಯಿತು. ಏಳರ ಹೊತ್ತಿಗೆ ಒಂಬತ್ತು ಮೀನೂ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು.

ಅಂಜನ್ ಬಚ್ಚಲಿನಿಂದ ಮಗ್ಗು ತಂದ. ಟ್ಯಾಂಕಿನಿಂದಲೇ ಒಂದು ಮಗ್ಗು ನೀರು ಮೊಗೆದು, ತೋಳು ಮೇಲಕ್ಕೆತ್ತಿ, ಎತ್ತರದಿಂದ ಟ್ಯಾಂಕಿಗೇ ಸುರಿದ. ಮತ್ತೆ ಮೊಗೆದ, ಮತ್ತೆ ಸುರಿದ. ನೀರು ಬಿದ್ದಲ್ಲಿ ನೊರೆ ಎದ್ದು ಮೀನುಗಳು ಅತ್ತ ಸರಿದವು. ಆಶಾ ಐದು ನಿಮಿಷ ನೋಡಿದಳು. "ನೀರನ್ನ ನೀರಿಗೇ ಹಾಕಿದ್ರೆ ಏನೋ ಬಂತು?" ಅಂದಳು. ಅವನು ತಿರುಗಿ ನೋಡಲಿಲ್ಲ.

ತುಮಕೂರಿನಲ್ಲಿ ಅವಳಿಗೆ ಗೊತ್ತಿದ್ದ ಎರಡು ಅಂಗಡಿಗೆ ಫೋನ್ ಮಾಡಿದಳು. ಬ್ಯಾಟರಿ ಪಂಪು ನಿನ್ನೆಯೇ ಖಾಲಿ ಅಂದರು. ಕೊನೆಗೆ ನಾಗೇಶನಿಗೆ ಮಾಡಿದಳು. ಎರಡು ವರ್ಷದಿಂದ ಅವನ ಜೊತೆ ಮಾತೇ ಇರಲಿಲ್ಲ. ಮೊದಮೊದಲು ಅಂಜನ್‌ನನ್ನು ನೋಡಲು ಬರುತ್ತಿದ್ದ, ಬಂದರೆ ಅಳುತ್ತಿದ್ದ, ಆಮೇಲೆ ಬರುವುದನ್ನು ಬಿಟ್ಟ.

"ಬನ್ನಿ ಅಕ್ಕ, ನನ್ ಹತ್ರ ಎರಡವೆ, ಎತ್ತಿಟ್ಟಿರ್ತೀನಿ" ಅಂದ ನಾಗೇಶ್.

ಮಂಗಳಗೌರಿಯವರಿಗೆ ಆಗಾಗ ಮೇಲೆ ಬಂದು ನೋಡಿ ಆಂಟಿ ಅಂತ ಹೇಳಿ, ಅವಳು ಗುಬ್ಬಿ ಬಸ್ಸು ಹತ್ತಿದಳು. ನಾಗೇಶ್ ಬಸ್‌ಸ್ಟ್ಯಾಂಡಿಗೇ ಬಂದಿದ್ದ. ಪಂಪುಗಳನ್ನೂ ಸೆಲ್ಲುಗಳನ್ನೂ ಒಂದು ಕವರಿನಲ್ಲಿ ಹಾಕಿಕೊಟ್ಟ. ಅವನ ತಲೆಗೂದಲು ಅರ್ಧ ಬೆಳ್ಳಗಾಗಿತ್ತು.

"ಊಟ ಹಾಕಬೇಡಿ ಅಕ್ಕ, ಒಂದು ಕಾಳೂ ಬೇಡ. ಉಪವಾಸ ಇದ್ರೆ ಸಾಯಲ್ಲ, ತಿಂದ್ರೆ ನೀರು ಕೆಡುತ್ತೆ. ಕಿಟಕಿ ಬಿಸ್ಲು ಬೀಳದ ಹಾಗೆ ಬೆಡ್‌ಶೀಟ್ ಕಟ್ಟಿ. ಮಗ್ಗಲ್ಲಿ ನೀರು ಎತ್ತಿ ಎತ್ತಿ ಹುಯ್ತಾ ಇರಿ."

"ಅದನ್ನ ಅವನೇ ಮಾಡ್ತಾವ್ನೆ, ಬೆಳಗ್ಗಿಂದ."

"ಹಂಗಾದ್ರೆ ನಾನೇನು ಹೇಳ್ಕೊಡ್ಲಿ ಬಿಡಿ. ಮಿಕ್ಕಿದ್ದೆಲ್ಲ ಅವನಿಗೇ ಗೊತ್ತು" ಅಂದ ನಾಗೇಶ್.

ಅವನಿಗೇನು ಗೊತ್ತು ಪಾಪ, ಅಂದುಕೊಂಡು ಆಶಾ ವಾಪಸ್ಸು ಬಸ್ಸು ಹತ್ತಿದಳು.

ಅವಳು ಮನೆಗೆ ಬಂದಾಗ ಮಧ್ಯಾಹ್ನ ಒಂದೂವರೆ. ಮಂಗಳಗೌರಿ ಬಾಗಿಲಲ್ಲೇ ನಿಂತಿದ್ದರು. "ಎರಡು ಸಲ ತಟ್ಟೆ ತಂದೆ ಕಣಮ್ಮ, ಮುಟ್ಲಿಲ್ಲ. ಕೈಯಿಂದ ಮಗ್ಗೇ ಬಿಡ್ತಿಲ್ಲ." ಅಂಜನ್ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಸುರಿಯುತ್ತಲೇ ಇದ್ದ. ಅಂಗಿ ನೆನೆದು ಮೈಗೆ ಅಂಟಿತ್ತು. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಬ್ಯಾಟರಿ ಪಂಪು ನೋಡಿದವನೇ ಮಗ್ಗು ಕೆಳಗಿಟ್ಟ, ಕವರನ್ನು ಹಲ್ಲಿನಿಂದ ಹರಿದು, ಸೆಲ್ಲು ಹಾಕುವ ಕಡೆ ಹಾಕಿ, ಎರಡೇ ನಿಮಿಷದಲ್ಲಿ ಎರಡೂ ಪಂಪು ಓಡುವ ಹಾಗೆ ಮಾಡಿದ. ಗುಳ್ಳೆ ಎದ್ದಿತು. ಅವನು ಅಕ್ಕನ ಕಡೆ ತಿರುಗಿ ಬಾಯಿಯ ಒಂದೇ ಪಕ್ಕದಲ್ಲಿ ನಕ್ಕ. ಅವನ ಕೈಗೆ ಅರಿಶಿನ ಎಣ್ಣೆ ಹಚ್ಚಿ, ಅನ್ನ ಕಲಸಿ ತಿನ್ನಿಸಿದಳು.

ಆದರೆ ಪುಟ್ಟ ಪಂಪು ಅಷ್ಟು ದೊಡ್ಡ ಟ್ಯಾಂಕಿಗೆ ಎಲ್ಲಿ ಸಾಲಬೇಕು? ಅವತ್ತಿನ ಬಿಸಿಲೋ, ಮಳೆ ಬಂದು ಹೋದ ಮೇಲಿನ ಧಗೆಯೋ, ನೀರು ಬೆಚ್ಚಗಾಗುತ್ತಾ ಹೋಯಿತು. ಸಂಜೆಗೆ ಎಲ್ಲಕ್ಕಿಂತ ಚಿಕ್ಕ ಮೀನು ಪಕ್ಕಕ್ಕೆ ವಾಲಿತು. ಅಂಜನ್ ಅದನ್ನು ಅಂಗೈಯಲ್ಲಿ ಹಿಡಿದು ನೀರಿನೊಳಗೆ ಮುಂದಕ್ಕೂ ಹಿಂದಕ್ಕೂ ಆಡಿಸುತ್ತಾ ಕೂತ. ಕತ್ತಲಾದ ಮೇಲೆ ಮೇಣದ ಬತ್ತಿ ಬೆಳಕಿನಲ್ಲಿ ಆಶಾ ನೋಡಿದಾಗ ಅದು ಈಜುತ್ತಿತ್ತು. ಅವತ್ತಿನ ರಾತ್ರಿ ಅಕ್ಕ ತಮ್ಮ ಸರದಿ ಮಾಡಿಕೊಂಡು ನೀರು ಸುರಿದರು. ಅವಳು ಸುಸ್ತಾಗಿ ಕೂತರೆ ಅವನು ಎದ್ದು ಬರುತ್ತಿದ್ದ, ಅವನ ಕೈ ನಿಂತರೆ ಅವಳು. ಅಪಘಾತವಾದ ಮೇಲೆ ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು ಅಂತ ಆಶಾಗೆ ಅನಿಸಿತು. ಆದರೆ ಮುಂದೆ ಇನ್ನೆಷ್ಟು ದಿನ ಹೀಗೆ ಅನ್ನುವ ಯೋಚನೆ ಬಂದು, ಮಗ್ಗು ಹಿಡಿದಿದ್ದ ಕೈ ಸೋತಿತು.

ಸೋಮವಾರ ಶಾಲೆಯಲ್ಲಿ ಸ್ಟಾಫ್ ಮೀಟಿಂಗು. ರಜೆ ಕೇಳಿದಳು. ಏನು ಕಾರಣ ಅಂದರು. ಮೀನು ಅಂತ ಹೇಳಲು ಬಾಯಿ ಬರಲಿಲ್ಲ, ಹೋದಳು. ಮುಂದಿನ ವರ್ಷದ ಟೈಮ್‌ಟೇಬಲ್ ಬಗ್ಗೆ ಯಾರು ಏನು ಹೇಳಿದರೋ ಅವಳ ಕಿವಿಗೆ ಬೀಳಲಿಲ್ಲ. ಎರಡೂವರೆಗೆ ಮನೆಗೆ ಬಂದಾಗ ಮೆಟ್ಟಿಲು ಹತ್ತುವಾಗಲೇ ನೀರು ಬೀಳುವ ಸದ್ದು ಕೇಳಿಸಿತು. ಸೆಲ್ಲು ಮುಗಿದಿದ್ದವು. ಅಂಜನ್ ಕುರ್ಚಿಯಲ್ಲಿ ಕೂತೇ ಇದ್ದ. ಕೈ ಎತ್ತಲು ಶಕ್ತಿ ಇಲ್ಲದೆ ಮಗ್ಗನ್ನು ಎದೆ ಎತ್ತರಕ್ಕೆ ಮಾತ್ರ ತರುತ್ತಿದ್ದ. ಕಣ್ಣು ಕೆಂಪಗಾಗಿದ್ದವು. ಆದರೆ ಒಂಬತ್ತೂ ಮೀನು ಬದುಕಿದ್ದವು. ಅವಳು ಒಂದೊಂದಾಗಿ ಎಣಿಸಿದಳು. ವಾಲಿದ್ದ ಚಿಕ್ಕದೂ ಇತ್ತು.

ಮೂರು ಗಂಟೆ ಹತ್ತು ನಿಮಿಷಕ್ಕೆ ಫ್ಯಾನು ತಿರುಗಿತು.

ಬೀದಿಯಲ್ಲಿ ಯಾರೋ ಕೇಕೆ ಹಾಕಿದರು. ಕೆಳಗೆ ಮಂಗಳಗೌರಿ "ಬಂತು! ಬಂತು!" ಅಂದರು. ಆಶಾರಾಣಿ ಓಡಿಹೋಗಿ ನೆಲದಲ್ಲಿ ಬಿದ್ದಿದ್ದ ಫಿಲ್ಟರಿನ ಪ್ಲಗ್ ಎತ್ತಿಕೊಂಡಳು.

ಅಂಜನ್ ಅವಳ ಮಣಿಕಟ್ಟು ಹಿಡಿದ.

"ಬಿಡೋ, ಕರೆಂಟ್ ಬಂತು ಕಣೋ. ಫಿಲ್ಟರ್ ಹಾಕೋಣ."

ಅವನು ಬಿಡಲಿಲ್ಲ. "ಆ… ಆ…" ಅಂದ. ಪ್ಲಗ್ ಕಿತ್ತುಕೊಂಡು ಬೆನ್ನ ಹಿಂದೆ ಹಿಡಿದ. ಕೈ, ಅಂಗಿ, ನೆಲ ಎಲ್ಲ ಒದ್ದೆ.

"ಒದ್ದೆ ಕೈಯಲ್ಲಿ ಮುಟ್ಟಬೇಡ! ಶಾಕ್ ಹೊಡೆಯುತ್ತೆ. ಕೊಡು ಇಲ್ಲಿ."

ಅವಳು ಬಿಡಿಸಿಕೊಂಡು ಸಾಕೆಟ್ಟಿಗೆ ಹಾಕಲು ಬಗ್ಗಿದಳು. ಅವನು ಅಡ್ಡ ಬಂದ. ಮಡಚಿದ ಬಲಗೈಯನ್ನು ಫಿಲ್ಟರ್ ಡಬ್ಬಕ್ಕೆ ಬಡಿದ, ಟ್ಯಾಂಕಿಗೆ ಬಡಿದ, ತಲೆ ಅಲ್ಲಾಡಿಸಿದ. ಬಾಯಿಂದ ಜೊಲ್ಲು ಸುರಿಯಿತು. ಎರಡು ದಿನದ ನಿದ್ದೆಗೆಟ್ಟ ತಲೆ ಅವಳದು. ಇಷ್ಟು ಕಷ್ಟಪಟ್ಟು ಉಳಿಸಿದ್ದನ್ನು ಇವನೇ ಹಠ ಮಾಡಿ ಕೊಲ್ಲುತ್ತಾನೆ ಅನಿಸಿತು. ಇಲ್ಲ, ಕರೆಂಟು ಹೊಡೆದು ಇವನೇ ಸಾಯುತ್ತಾನೆ ಅನಿಸಿತು. ಅವನು ಮತ್ತೆ ವೈರಿಗೆ ಕೈ ಹಾಕಿದ. ಆಶಾರಾಣಿ ಅವನ ಕೆನ್ನೆಗೆ ಹೊಡೆದಳು.

ಅವನು ಹುಟ್ಟಿದಾಗಿನಿಂದ ಅವಳು ತಮ್ಮನಿಗೆ ಕೈ ಎತ್ತಿದವಳಲ್ಲ. ಅವನು ಹಿಂದಕ್ಕೆ ವಾಲಿ ಮಂಚದ ಮೇಲೆ ಕುಸಿದು ಕೂತ. ಅವಳು ಪ್ಲಗ್ ಹಾಕಿ ಸ್ವಿಚ್ ಒತ್ತಿದಳು.

ಫಿಲ್ಟರ್ ಗುರ್ ಅಂದು, ಸ್ವಲ್ಪ ಕೆಮ್ಮಿ, ಓಡತೊಡಗಿತು. ಪೈಪಿನಿಂದ ಮೊದಲು ಗಾಳಿ ಬಂತು. ಆಮೇಲೆ ಬಂದ ನೀರು ಕಪ್ಪಗಿತ್ತು. ಮಸಿ ಕದಡಿದ ಹಾಗೆ ಟ್ಯಾಂಕಿನ ತುಂಬ ಹರಡಿತು. ಕೂತಿದ್ದ ಕೊಳಕು ಎದ್ದು ಬರುತ್ತಿದೆ, ಈಗ ಸರಿಹೋಗುತ್ತದೆ ಅಂತ ಅವಳು ನೋಡುತ್ತಾ ನಿಂತಳು. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಮೀನುಗಳು ಹುಚ್ಚು ಹಿಡಿದ ಹಾಗೆ ಒಂದು ಗಾಜಿನಿಂದ ಇನ್ನೊಂದು ಗಾಜಿಗೆ ಹೊಡೆದುಕೊಳ್ಳತೊಡಗಿದವು. ಒಂದು ನೀರಿನಿಂದ ಮೇಲಕ್ಕೆ ಹಾರಿ, ಗಾಜಿನ ಅಂಚಿಗೆ ತಗುಲಿ ವಾಪಸ್ಸು ಬಿತ್ತು.

"ಅಂಜು! ಏನೋ ಇದು? ಅಂಜು!"

ಅವನು ಆಗಲೇ ಎದ್ದಿದ್ದ. ಪ್ಲಗ್ ಎಳೆದು ಬಿಸಾಡಿದ. ಬಚ್ಚಲಿಗೆ ಹೋದವನು, ಶನಿವಾರವೇ ಮೀನಿಗೆಂದು ತುಂಬಿಸಿಟ್ಟಿದ್ದ ಆ ಬಕೆಟನ್ನು ಒಂದೇ ಕೈಯಲ್ಲಿ ನೆಲದ ಮೇಲೆ ಎಳೆದುಕೊಂಡು ಬಂದ. ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಮೊಣಕೈವರೆಗೆ ಟ್ಯಾಂಕಿನಲ್ಲಿ ಕೈ ಹಾಕಿ ತಡಕಾಡಿ, ಸಿಕ್ಕಿದ್ದನ್ನು ಬಕೆಟಿಗೆ ಹಾಕತೊಡಗಿದ. ಆಶಾ ಜಾಲರಿ ತಂದಳು. ಕಪ್ಪು ನೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಅವನು ಐದನ್ನು ಹಿಡಿದ, ಅವಳು ಎರಡನ್ನು. ಉಳಿದ ಎರಡು ತಾವಾಗಿಯೇ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿ ಬಂದವು. ಅದರಲ್ಲಿ ಒಂದು, ಅವ್ವನನ್ನೇ ನೋಡುತ್ತಿದ್ದ ಕರಿ ಮೀನು.

ನಾಲ್ಕು ಗಂಟೆಗೆ ಬಕೆಟಿನಲ್ಲಿ ಇನ್ನೂ ಮೂರು ಸತ್ತವು. ಐದಕ್ಕೆ ಇನ್ನೆರಡು. ಎರಡು ಉಳಿದವು.

ನಾಗೇಶನೇ ಫೋನ್ ಮಾಡಿದ, ಕರೆಂಟ್ ಬಂತಾ ಅಕ್ಕ ಅಂತ ಕೇಳಲು. ಅವಳು ನಡೆದಿದ್ದನ್ನು ಹೇಳಿದಳು.

"ಮುಚ್ಚಿದ ಡಬ್ಬ ಅಲ್ವಾ ಅಕ್ಕ ಅದು. ಎರಡು ದಿನ ನೀರು ಓಡದೆ ನಿಂತ್ರೆ ಒಳಗಿರೋದೆಲ್ಲ ಕೊಳೆತು ವಿಷ ಆಗುತ್ತೆ. ಕರೆಂಟ್ ಬಂದ್ಮೇಲೆ ಅದನ್ನ ಬಿಚ್ಚಿ, ನೀರು ಚೆಲ್ಲಿ, ತೊಳೆದೇ ಹಾಕ್ಬೇಕು. ನಾನು ಹೇಳ್ಬೇಕಾಗಿತ್ತು. ಅಂಜನ್ ಅವ್ನಲ್ಲಾ, ಅವನೇ ನೋಡ್ಕೋತಾನೆ ಅಂದ್ಕೊಂಡೆ." ಆಮೇಲೆ ಮೆಲ್ಲಗೆ ಅಂದ: "ನನಗೆ ಅದನ್ನ ಹೇಳ್ಕೊಟ್ಟೋನೇ ಅವನು ಅಕ್ಕ."

ಆಶಾರಾಣಿ ಫೋನ್ ಇಟ್ಟು ಬಂದು ಮಂಚದ ಹತ್ತಿರ ನೆಲದ ಮೇಲೆ ಕೂತಳು. ಅಂಜನ್ ಗೋಡೆಗೆ ಒರಗಿ ಕಣ್ಣು ತೆರೆದೇ ಮಲಗಿದ್ದ. ಎಡಗೆನ್ನೆ ಇನ್ನೂ ಕೆಂಪಗಿತ್ತು.

"ಅಂಜು, ಫಿಲ್ಟರ್ ಹಾಕಿದ್ರೆ ಸಾಯ್ತವೆ ಅಂತ ನಿನಗೆ ಗೊತ್ತಿತ್ತಾ?"

ಐದು ವರ್ಷದಿಂದ ಅವಳು ಅವನನ್ನು ಊಟ ಬೇಕಾ, ಬಾತ್‌ರೂಮಿಗೆ ಹೋಗ್ಬೇಕಾ, ನೋವಾ, ಇಷ್ಟು ಬಿಟ್ಟು ಬೇರೇನೂ ಕೇಳಿರಲಿಲ್ಲ. ಅವನು ನಿಧಾನವಾಗಿ ಅವಳ ಕಡೆ ಕಣ್ಣು ತಿರುಗಿಸಿ, ತಲೆಯನ್ನು ಒಂದು ಸಲ ಕೆಳಗೆ ಮಾಡಿ ಮೇಲೆತ್ತಿದ.

"ಅದಕ್ಕೇ ಪ್ಲಗ್ ಕಿತ್ತಿದ್ಯಾ, ಶನಿವಾರ?"

ಮತ್ತೆ ಹಾಗೇ ತಲೆ ಆಡಿಸಿದ.

"ನಾನು ಮಾತಾಡೋದೆಲ್ಲ ನಿನಗೆ ಅರ್ಥ ಆಗುತ್ತಾ? ಎಲ್ಲಾ?"

ಈ ಸಲ ಅವನು ತಲೆ ಆಡಿಸಲಿಲ್ಲ. ಅವಳನ್ನು ನೋಡುತ್ತಲೇ ಇದ್ದ. ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಆಮೇಲೆ ಗೋಡೆಯ ಕಡೆಗೆ ಹೊರಳಿದ.

ಆಶಾರಾಣಿಗೆ ಕೂತಲ್ಲೇ ಒಂದು ಮಾತು ನೆನಪಾಯಿತು. ಎರಡು ವರ್ಷದ ಹಿಂದೆ ಒಂದು ಭಾನುವಾರ, ಶಾಲೆಯ ಗೆಳತಿ ಕೋಮಲಾ ಮನೆಗೆ ಬಂದಿದ್ದಳು. ಇದೇ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಇಬ್ಬರೂ ಕಾಫಿ ಕುಡಿಯುತ್ತಿದ್ದರು. ಅಂಜನ್ ಇಲ್ಲೇ ಮಲಗಿದ್ದ, ಎಚ್ಚರವಾಗಿದ್ದ. ಮಾತಿಗೆ ಮಾತು ಬಂದು ಅವಳು ಅಂದಿದ್ದಳು: 'ಅವತ್ತು ಆ ಕುಣಿಗಲ್ ರೋಡಲ್ಲೇ ಹೋಗ್ಬಿಟ್ಟಿದ್ರೆ ಅವನಿಗೂ ಒಳ್ಳೇದಿತ್ತು, ನನಗೂ ಒಳ್ಳೇದಿತ್ತು.' ಕೋಮಲಾ ಮೆಲ್ಲಗೆ ಮಾತಾಡೇ ಅಂತ ಸನ್ನೆ ಮಾಡಿದಾಗ, 'ಅಯ್ಯೋ, ಅವನಿಗೇನೂ ಅರ್ಥ ಆಗಲ್ಲ ಬಿಡೇ' ಅಂದಿದ್ದಳು. ಅದೊಂದೇ ಅಲ್ಲ. ಫೋನಿನಲ್ಲಿ ಎಷ್ಟು ಜನಕ್ಕೆ, ಎಷ್ಟು ಸಲ. ಅವನ ಬಟ್ಟೆ ಒಗೆಯುವಾಗ ಗೊಣಗಿದ್ದು, ದೇವರ ಫೋಟೋ ಮುಂದೆ ನಿಂತು ಜೋರಾಗಿ ಬೇಡಿಕೊಂಡಿದ್ದು. ಮನೆ ಎಷ್ಟು ದೊಡ್ಡದು? ಎರಡು ರೂಮು, ಒಂದು ಹಾಲು. ಅವನಿಗೆ ಕೇಳಿಸದ ಮಾತು ಆ ಮನೆಯಲ್ಲಿ ಯಾವುದಿತ್ತು?

"ಅಂಜು, ತಪ್ಪಾಯ್ತು ಕಣೋ" ಅಂದಳು. ಬೆನ್ನಿಗೆ ಹೇಳಿದಳು. ಅವನು ತಿರುಗಲಿಲ್ಲ. ಕೆಳಗೆ ಶಿವರಾಮಯ್ಯನವರ ಮನೆಯಲ್ಲಿ ಟಿವಿ ಹಾಕಿದ್ದರು.

ಸತ್ತ ಮೀನುಗಳನ್ನು ಮಾರನೆಯ ದಿನ ಅವಳೇ ಪೇಪರಿನಲ್ಲಿ ಸುತ್ತಿ, ಮನೆ ಹಿಂದಿನ ಖಾಲಿ ಸೈಟಿನಲ್ಲಿ ಗುಂಡಿ ತೋಡಿ ಮುಚ್ಚಿದಳು. ಉಳಿದ ಎರಡರಲ್ಲಿ ಒಂದು ಗುರುವಾರ ಸತ್ತಿತು. ಇನ್ನೊಂದು, ಕಿತ್ತಳೆ ಬಣ್ಣದ ಸಾಧಾರಣ ಮೀನು, ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬಿನಲ್ಲಿ ಬದುಕಿತು. ಅದಕ್ಕೆ ಆಶಾನೇ ಆಹಾರ ಹಾಕಿದಳು. ಅಂಜನ್ ಅದರ ಹತ್ತಿರ ಹೋಗಲಿಲ್ಲ. ಬಚ್ಚಲಿಗೆ ಹೋಗುವಾಗ ಟಬ್ಬು ದಾಟಬೇಕು, ಆಗಲೂ ಮುಖ ಬೇರೆ ಕಡೆಗೆ ಮಾಡಿಕೊಂಡು ದಾಟುತ್ತಿದ್ದ. ಇನ್ನೂ ಒಂದು ಬದಲಾಯಿತು. ಅವಳು ಅನ್ನ ಕಲಸಿ ತುತ್ತು ಹಿಡಿದರೆ ಬಾಯಿ ಬಿಚ್ಚುತ್ತಿರಲಿಲ್ಲ. ತಟ್ಟೆಯನ್ನು ಎಡಗೈಯಿಂದ ತನ್ನ ಕಡೆ ಎಳೆದುಕೊಂಡು, ಅರ್ಧ ಚೆಲ್ಲಿ, ಅರ್ಧ ತಿನ್ನುತ್ತಿದ್ದ.

ಅವಳು ಅವನನ್ನು ಕರೆದುಕೊಂಡು ಮತ್ತೆ ಡಾಕ್ಟರ ಹತ್ತಿರ ಹೋದಳು. ಬೇರೆಯವರು, ಚಿಕ್ಕ ವಯಸ್ಸಿನ ಹೆಂಗಸು. ಚಿತ್ರಗಳಿದ್ದ ಕಾರ್ಡುಗಳನ್ನು ಅವನ ಮುಂದೆ ಹರಡಿ ಒಂದೊಂದನ್ನೇ ಕೇಳಿದರು. ಅವನು ಒಂದೂ ತಪ್ಪಿಲ್ಲದೆ ತೋರಿಸಿದ. "ಇವರಿಗೆ ಮಾತು ಹೋಗಿದೆ, ತಿಳುವಳಿಕೆ ಹೋಗಿಲ್ಲ ಮೇಡಂ. ಮೊದಲೇ ಟ್ರೈನಿಂಗ್ ಶುರು ಮಾಡಿದ್ದಿದ್ರೆ ಒಂದಷ್ಟು ಮಾತು ವಾಪಸ್ ಬರ್ತಿತ್ತೇನೋ. ಐದು ವರ್ಷ ಆಗೋಗಿದೆ" ಅಂದರು ಅವರು. ಬೈದ ಹಾಗೆ ಹೇಳಲಿಲ್ಲ, ಇದ್ದಿದ್ದನ್ನು ಹೇಳಿದರು. ಕಾರ್ಡುಗಳ ಒಂದು ಕಟ್ಟು ಕೊಟ್ಟು, ದಿನಾ ಅರ್ಧ ಗಂಟೆ ಮಾಡಿಸಿ ಅಂದರು. ಮನೆಗೆ ಬಂದು ಅವಳು ಕಾರ್ಡು ಹರಡಿದರೆ ಅವನು ಅದರ ಮೇಲೆ ಬೆಡ್‌ಶೀಟ್ ಎಳೆದು ಮಲಗಿದ.

ಜೂನ್ ಎರಡನೇ ವಾರ ನಾಗೇಶ್ ಗೂಡ್ಸ್ ಆಟೋ ತಂದು ಖಾಲಿ ಟ್ಯಾಂಕನ್ನು ತೆಗೆದುಕೊಂಡು ಹೋದ. ಹೋಗುವ ಮೊದಲು ಅಂಜನ್ ಪಕ್ಕ ಕೂತು, "ಮತ್ತೆ ಕೂರ್ಸೋಣ ಕಣ್ಲಾ, ನೀನು ಹೂಂ ಅಂದ ದಿನ ತರ್ತೀನಿ" ಅಂದ. ಅಂಜನ್ ಅವನ ತೋಳನ್ನು ಒಂದು ಸಲ ಹಿಡಿದು ಬಿಟ್ಟ. ಹೂಂ ಅನ್ನುವ ಹಾಗೆ ತಲೆಯನ್ನು ಮಾತ್ರ ಆಡಿಸಲಿಲ್ಲ. ಟ್ಯಾಂಕ್ ಇದ್ದ ಕಡೆ ಗೋಡೆಯ ಬಣ್ಣ ಬೇರೆಯಾಗಿ ಉಳಿಯಿತು.

ಶಾಲೆ ಶುರುವಾಗಿದೆ. ಆಶಾರಾಣಿ ಈಗ ಮನೆಯಲ್ಲಿ ಫೋನ್ ತೆಗೆಯುವುದಿಲ್ಲ, ಮಾತಾಡಬೇಕಾದರೆ ಮೆಟ್ಟಿಲಿಳಿದು ಹೋಗುತ್ತಾಳೆ. ತಮ್ಮನ ಹತ್ತಿರ ಮಾತ್ರ ಹಿಂದೆಂದೂ ಮಾತಾಡದಷ್ಟು ಮಾತಾಡುತ್ತಾಳೆ. ಯಾವ ಅಂಗಿ ಬೇಕು ಅಂತ ಎರಡು ಅಂಗಿ ಹಿಡಿದು ತೋರಿಸುತ್ತಾಳೆ, ಸಾರು ಯಾವುದು ಮಾಡಲಿ ಅಂತ ಕೇಳುತ್ತಾಳೆ, ಕೇಳಿ ಕಾಯುತ್ತಾಳೆ. ಅವನು ಚಾವಣಿ ನೋಡುತ್ತಾನೆ. ಕೊನೆಗೆ ಅವಳೇ ಒಂದು ಅಂಗಿ ಆರಿಸಿ ಮಂಚದ ಮೇಲಿಡುತ್ತಾಳೆ. ಅವನು ಅದನ್ನು ಒಂಟಿಕೈಯಲ್ಲಿ, ಬಹಳ ಹೊತ್ತು ಹೆಣಗಿ, ತಾನೇ ಹಾಕಿಕೊಳ್ಳುತ್ತಾನೆ. ಕೆಲವು ದಿನ ಗುಂಡಿ ಹಿಂದುಮುಂದಾಗಿರುತ್ತವೆ. ಸರಿಮಾಡಲು ಅವಳು ಕೈ ಚಾಚಿದರೆ ಹಿಂದಕ್ಕೆ ಸರಿಯುತ್ತಾನೆ.

ಬೆಳಗ್ಗೆ ಎಂಟೂಮುಕ್ಕಾಲಿಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಹೋಗ್ಬರ್ಲಾ ಅಂಜು?" ಅನ್ನುತ್ತಾಳೆ. ಒಂದು ನಿಮಿಷ ನಿಲ್ಲುತ್ತಾಳೆ. ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಾನೆ. ಪ್ರೇಯರ್‌ಗೆ ತಡವಾದರೆ ಹೆಡ್‌ಮಾಸ್ಟರು ಸಹಿ ಪುಸ್ತಕ ಒಳಗಿಟ್ಟುಬಿಡುತ್ತಾರೆ. ಅವಳು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಮೆಟ್ಟಿಲಿಳಿಯುತ್ತಾಳೆ.